ಮರಿ ಎಷ್ಟು ಬಿಟ್ಟರು? ಲೆಕ್ಕ ಯಾರ ಜೇಬಿನಲ್ಲಿ?

ಪೀಣ್ಯ ಎರಡನೇ ಹಂತದ ಕೋಳಿ ಅಂಗಡಿಗಳ ಮುಂದೆ ಭಾನುವಾರ ಬೆಳಿಗ್ಗೆ ಏಳಕ್ಕೇ ಜನ ಸೇರುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದವರು, ಮಕ್ಕಳ ಕೈ ಹಿಡಿದು ಬಂದವರು, ಒಂದೇ ರೂಮಿನಲ್ಲಿ ನಾಲ್ಕು ಜನ ಸೇರಿ ಅಡಿಗೆ ಮಾಡಿಕೊಳ್ಳುವ ಹೊರ ಊರಿನ ಹುಡುಗರು. ಎಲ್ಲರ ಕಣ್ಣೂ ಬಾಗಿಲಿಗೆ ತೂಗುಹಾಕಿದ ಹಲಗೆಯ ಮೇಲೆ. ಅಲ್ಲಿ ಬರೆದಿರುವ ಅಂಕಿ ಹೋದ ವಾರದ್ದಲ್ಲ. ಕಿಲೋಗೆ ಇಪ್ಪತ್ತೋ ಮೂವತ್ತೋ ರೂಪಾಯಿ ಏರಿದೆ.

"ಏನ್ ಸ್ವಾಮಿ, ಒಂದೇ ವಾರಕ್ಕೆ ಇಷ್ಟು ಏರ್ಸಿದ್ದೀರಾ?"

"ನಮ್ಮ ಕೈಲೇನಿದೆ ಸಾರ್? ಮೇಲಿಂದಲೇ ಬಂದಿದೆ."

ಗಿರಾಕಿ ಗೊಣಗುತ್ತಾನೆ. ಒಂದು ಕಿಲೋ ಅಂದವನು ಮುಕ್ಕಾಲು ಕಿಲೋಗೆ ಇಳಿಯುತ್ತಾನೆ. ಅಂಗಡಿಯವನು ಕತ್ತಿ ಎತ್ತುತ್ತಾನೆ. ವ್ಯಾಪಾರ ಮುಗಿಯಿತು. ಆದರೆ ಈ "ಮೇಲೆ" ಅನ್ನುವ ಊರು ಎಲ್ಲಿದೆ? ಅಲ್ಲಿ ಕೂತು ರೇಟು ಬರೆಯುವವರು ಯಾರು? ಯಾವ ಲೆಕ್ಕ ನೋಡಿ ಬರೆಯುತ್ತಾರೆ? ಗಿರಾಕಿಗೆ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ. ಕೋಳಿ ಸಾಕಿದ ರೈತನನ್ನು ಕೇಳಿದರೆ ಅವನೂ ತಲೆ ಕೆರೆದುಕೊಳ್ಳುತ್ತಾನೆ.

ಗೊತ್ತಿರುವವರು ಕೆಲವರಿದ್ದಾರೆ. ಅವರಿಗೆ ಇವತ್ತಿನ ರೇಟಷ್ಟೇ ಅಲ್ಲ, ಎರಡು ತಿಂಗಳು ಬಿಟ್ಟು ಸಂತೆಗೆ ಎಷ್ಟು ಕೋಳಿ ಬರುತ್ತದೆ ಎಂಬುದೂ ಸರಿಸುಮಾರಾಗಿ ಗೊತ್ತು. ಇದೇನು ಜ್ಯೋತಿಷ್ಯವಲ್ಲ, ಬರೀ ಕೂಡುವ ಕಳೆಯುವ ಲೆಕ್ಕ. ಆ ಲೆಕ್ಕ ಹತ್ತಾರು ಕಂಪನಿಗಳ ಪುಸ್ತಕದಲ್ಲಿ ಕೂತಿದೆ, ಬೀದಿಗೆ ಬಂದಿಲ್ಲ. ಅದು ಬೀದಿಗೆ ಬರಬೇಕು ಎಂಬುದೇ ಇವತ್ತಿನ ಮಾತು.

ಮೊಟ್ಟೆಯಿಂದ ಹಲಗೆಯವರೆಗೆ ಅರವತ್ತು ದಿನ

ಬ್ರಾಯ್ಲರ್ ಕೋಳಿಯ ಜಾತಕ ಬಲು ಸರಳ. ಮೊಟ್ಟೆ ಯಂತ್ರಕ್ಕೆ ಹೋದ ದಿನದಿಂದ ಇಪ್ಪತ್ತೊಂದನೇ ದಿನ ಮರಿ. ಮರಿ ಶೆಡ್ಡಿಗೆ ಹೋದ ದಿನದಿಂದ ಮೂವತ್ತೈದು, ನಲವತ್ತು ದಿನಕ್ಕೆ ಎರಡು ಕಿಲೋ ತೂಗುವ ಕೋಳಿ. ಎರಡನ್ನೂ ಕೂಡಿಸಿ: ಅರವತ್ತು ದಿನ. ಇವತ್ತು ಪೀಣ್ಯದ ಅಂಗಡಿಯಲ್ಲಿ ತಕ್ಕಡಿಗೆ ಏರಿದ ಕೋಳಿ ಎರಡು ತಿಂಗಳ ಹಿಂದೆ ಎಲ್ಲೋ ಒಂದು ಹ್ಯಾಚರಿಯ ಟ್ರೇನಲ್ಲಿ ಮೊಟ್ಟೆಯಾಗಿ ಕೂತಿತ್ತು.

ಹ್ಯಾಚರಿಯ ಒಳಗೆ ಏನು ನಡೆಯುತ್ತದೆ ಎಂಬುದು ಬಸ್ಸಿನಲ್ಲಿ ಓಡಾಡುವವರಿಗೆ ಗೊತ್ತಿರುವುದು ಕಡಿಮೆ. ಅಲ್ಲಿ ಹೆಂಟೆ ಕಾವು ಕೂರುವುದಿಲ್ಲ. ಬೀರುವಿನಂಥ, ಕೋಣೆಯಂಥ ದೊಡ್ಡ ಯಂತ್ರಗಳು ಆ ಕೆಲಸ ಮಾಡುತ್ತವೆ. ಒಳಗೆ ಶಾಖ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದರೂ ಮರಿಗಳ ಸಂಖ್ಯೆ ಇಳಿಯುತ್ತದೆ. ತೇವವೂ ಅಳತೆಯಲ್ಲಿರಬೇಕು. ಕಾವು ಕೂತ ಹೆಂಟೆ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದಲ್ಲ, ಹಾಗೆ ಯಂತ್ರವೂ ಗಂಟೆಗೊಮ್ಮೆ ಟ್ರೇಗಳನ್ನು ಓರೆ ಮಾಡುತ್ತದೆ. ಹದಿನೆಂಟು ದಿನ ಹೀಗೆ. ಆಮೇಲೆ ಬೆಳಕು ಹಾಯಿಸಿ ನೋಡಿ, ಜೀವ ಕಟ್ಟದ ಮೊಟ್ಟೆ ತೆಗೆದು, ಉಳಿದದ್ದನ್ನು ಬೇರೆ ಯಂತ್ರಕ್ಕೆ ಸಾಗಿಸುತ್ತಾರೆ. ಇನ್ನು ಮೂರು ದಿನಕ್ಕೆ ಚಿಪ್ಪು ಒಡೆದು ಮರಿ ಹೊರಗೆ.

ಮರಿಯ ತೂಕ ನಲವತ್ತು ಗ್ರಾಂ ಚಿಲ್ಲರೆ. ಹೊಟ್ಟೆಯಲ್ಲಿ ಹಳದಿ ಭಂಡಾರದ ಉಳಿಕೆ ಇರುವುದರಿಂದ ಎರಡು ದಿನ ಅನ್ನ ನೀರಿಲ್ಲದೆಯೂ ಬದುಕುತ್ತದೆ. ಆ ಎರಡು ದಿನದ ಗಡುವೇ ಈ ವ್ಯಾಪಾರದ ಜೀವಾಳ. ಕುಂಟ ಮರಿ, ಬಡಕಲು ಮರಿ ಬೇರೆ ಮಾಡಿ, ಲಸಿಕೆ ಹಾಕಿ, ತೂತಿನ ಪೆಟ್ಟಿಗೆಗೆ ಎಣಿಸಿ ತುಂಬಿ, ರಾತ್ರೋರಾತ್ರಿ ವ್ಯಾನು ಹೊರಡಿಸುತ್ತಾರೆ. ಬೆಳಗಾಗುವ ಹೊತ್ತಿಗೆ ದೊಡ್ಡಬಳ್ಳಾಪುರದ ಕಡೆಯೋ ಕೋಲಾರದ ಕಡೆಯೋ ತುಮಕೂರಿನ ಕಡೆಯೋ ಒಂದು ಶೆಡ್ಡಿನಲ್ಲಿ ಹೊಟ್ಟು ಹಾಸಿ, ಬಲ್ಬು ಹೊತ್ತಿಸಿ ರೈತ ಕಾಯುತ್ತಿರುತ್ತಾನೆ. ಪೆಟ್ಟಿಗೆ ಇಳಿಸುವುದಕ್ಕೆ ಆ ಕಡೆಯವರು "ಮರಿ ಬಿಡೋದು" ಅನ್ನುತ್ತಾರೆ.

ಈಗ ಲೆಕ್ಕ ಹಾಕಿ. ಯಂತ್ರಕ್ಕೆ ಇಟ್ಟದ್ದು ಒಂದು ಲಕ್ಷ ಮೊಟ್ಟೆ ಅನ್ನಿ. ನೂರಕ್ಕೆ ಎಂಬತ್ತು ಒಡೆದರೆ ಎಂಬತ್ತು ಸಾವಿರ ಮರಿ. ಶೆಡ್ಡಿನಲ್ಲಿ ನೂರಕ್ಕೆ ಐದು ಸತ್ತರೆ ಉಳಿದದ್ದು ಎಪ್ಪತ್ತಾರು ಸಾವಿರ ಕೋಳಿ. ಎರಡು ಕಿಲೋ ಹಿಡಿದರೆ ಒಂದೂವರೆ ಲಕ್ಷ ಕಿಲೋ ಮೇಲ್ಪಟ್ಟು ಜೀವಂತ ತೂಕ. ಈ ಲೆಕ್ಕಕ್ಕೆ ಕಂಪ್ಯೂಟರೂ ಬೇಡ, ಕಾಲೇಜಿನ ಮೆಟ್ಟಿಲೂ ಬೇಡ. ಬೇಕಾದದ್ದು ಒಂದೇ ಅಂಕಿ: ಈ ವಾರ ಎಷ್ಟು ಮೊಟ್ಟೆ ಇಟ್ಟರು, ಎಷ್ಟು ಮರಿ ಬಿಟ್ಟರು?

ಇನ್ನೂ ಹಿಂದಕ್ಕೆ ಹೋಗಬಹುದು. ಮರಿಯ ತಾಯಿ ಕೋಳಿ ಇಪ್ಪತ್ತನಾಲ್ಕು, ಇಪ್ಪತ್ತೈದು ವಾರಕ್ಕೆ ಮೊಟ್ಟೆ ಇಡಲು ಶುರು ಮಾಡಿ, ತನ್ನ ಆಯುಸ್ಸಿನಲ್ಲಿ ನೂರ ನಲವತ್ತು, ನೂರ ಐವತ್ತು ಮರಿಗಾಗುವಷ್ಟು ಮೊಟ್ಟೆ ಕೊಡುತ್ತದೆ. ತಾಯಿ ಕೋಳಿ ಎಷ್ಟು ಬಿಟ್ಟಿದ್ದಾರೆ ಎಂದು ಗೊತ್ತಾದರೆ ಆರು ತಿಂಗಳ ಆಚೆಯ ಸಂತೆಯೂ ಮಸುಕು ಮಸುಕಾಗಿ ಕಾಣುತ್ತದೆ.

ಹೊಸತೊಡಕಿಗೆ ಜನವರಿಯಲ್ಲೇ ಮುಹೂರ್ತ

ನಮ್ಮ ಕಡೆ ಕೋಳಿ ವ್ಯಾಪಾರ ನಡೆಯುವುದು ಪಂಚಾಂಗದ ಮೇಲೆ. ಯುಗಾದಿಯ ಮರುದಿನದ ಹೊಸತೊಡಕಿಗೆ ಬೆಂಗಳೂರು, ಮಂಡ್ಯ, ತುಮಕೂರು ಸೀಮೆಯಲ್ಲಿ ಬಾಡೂಟ ಇಲ್ಲದ ಮನೆ ಹುಡುಕಬೇಕು. ಯುಗಾದಿ ಮಾರ್ಚ್ ಕೊನೆಗೆ ಬಂದರೆ ಅದರ ಕೋಳಿಗೆ ಜನವರಿ ಕೊನೆಯಲ್ಲೇ ಮೊಟ್ಟೆ ಇಡಬೇಕು. ಮನೆಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವ ಮೊದಲೇ ಹ್ಯಾಚರಿಯಲ್ಲಿ ಹೊಸತೊಡಕು ನಿಶ್ಚಯವಾಗಿರುತ್ತದೆ.

ಶ್ರಾವಣದ್ದು ತದ್ವಿರುದ್ಧ. ಸೋಮವಾರ, ಶನಿವಾರ ಅಂತ ಶುರುವಾಗಿ ತಿಂಗಳಿಡೀ ಎಷ್ಟೋ ಮನೆ ಒಲೆಗಳಿಗೆ ಕೋಳಿ ಹತ್ತುವುದಿಲ್ಲ. ಆಗಸ್ಟ್ ನಡುವಿನ ವ್ಯಾಪಾರ ಬೀಳುತ್ತದೆ ಎಂದು ಗೊತ್ತಿದ್ದವನು ಜೂನ್‌ನಲ್ಲೇ ಮೊಟ್ಟೆ ಕಡಿಮೆ ಇಡುತ್ತಾನೆ. ಕಾರ್ತಿಕದಲ್ಲಿ ಮಾಲೆ ಹಾಕುವವರು ಬೇರೆ. ಹೀಗೆ ಏರಿಳಿತ ಮೊದಲೇ ಗೊತ್ತಿರುವ ವ್ಯಾಪಾರದಲ್ಲಿ, ಮುಂದೆ ಎಷ್ಟು ಸರಕು ಬರುತ್ತದೆ ಎಂಬ ಸುದ್ದಿ ಯಾರ ಕೈಲಿದೆಯೋ ಅವರೇ ಯಜಮಾನರು. ಉಳಿದವರೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಸ್ಪೀಟು ಆಡುವವರು.

ಬೋಲ್ಟಿಗೆ ಜಾತಕ ಉಂಟು, ಕೋಳಿಗೆ ಇಲ್ಲ

ಪೀಣ್ಯದವರಿಗೆ ಈ ಮಾತು ಬೇಗ ಅರ್ಥವಾಗಬೇಕು. 1970ರ ದಶಕದಿಂದ ಬೆಳೆದು ಬಂದ ಈ ಕೈಗಾರಿಕಾ ಪ್ರದೇಶದಲ್ಲಿ ಯಾವ ಶೆಡ್ಡಿಗೆ ಹೋದರೂ ಗೋಡೆಗೆ ಜಾಬ್ ಕಾರ್ಡು ನೇತಾಡುತ್ತದೆ. ಒಂದು ಲೋಡು ಸರಳು ಒಳಗೆ ಬಂದರೆ ಇನ್‌ವರ್ಡ್ ಪುಸ್ತಕದಲ್ಲಿ ಬರೆದು, ಬ್ಯಾಚ್ ನಂಬರು ಹಾಕಿ, ಯಾವ ಲೇತಿಗೆ ಎಷ್ಟು ಹೋಯಿತು, ಎಷ್ಟು ರಿಜೆಕ್ಟ್ ಆಯಿತು, ಎಷ್ಟು ಪೆಟ್ಟಿಗೆ ಕಟ್ಟಿ ಯಾವ ಲಾರಿಗೆ ಹಾಕಿದರು, ಎಲ್ಲಕ್ಕೂ ಚೀಟಿ. ಆರು ತಿಂಗಳ ಮೇಲೆ ಯಾವುದೋ ಗಾಡಿಯಲ್ಲಿ ಒಂದು ಬೋಲ್ಟು ಮುರಿದರೆ ಗಿರಾಕಿ ಕಂಪನಿ ನಂಬರು ಹಿಡಿದು ಪೀಣ್ಯದ ಆ ಶೆಡ್ಡಿನ ಬಾಗಿಲಿಗೇ ಬರುತ್ತದೆ. ಹಾಗೆ ಬೋಲ್ಟಿನ ಅಪ್ಪ, ತಾತ ಎಲ್ಲ ಗೊತ್ತು.

ಅದೇ ಪೀಣ್ಯದ ಕಾರ್ಮಿಕ ಸಂಜೆ ಮನೆಗೆ ಒಯ್ಯುವ ಕೋಳಿಯ ಜಾತಕ ಕೇಳಿ. ಯಾವ ಹ್ಯಾಚರಿಯ ಮರಿ, ಯಾವ ಊರಿನ ಶೆಡ್ಡು, ಯಾವತ್ತು ಬಿಟ್ಟದ್ದು? "ಲಾರಿಯಿಂದ ಇಳಿಸ್ಕೊಂಡ್ವಿ ಸಾರ್" ಎಂಬುದೇ ಉತ್ತರ.

ಹಾಗಂತ ಹ್ಯಾಚರಿಯವರು ಲೆಕ್ಕ ಇಡುವುದಿಲ್ಲ ಎಂದಲ್ಲ. ಬಹಳ ಚೆನ್ನಾಗಿ ಇಡುತ್ತಾರೆ. ಯಾವ ತಾಯಿ ಹಿಂಡಿನ ಮೊಟ್ಟೆ, ಯಾವ ಯಂತ್ರ, ಎಷ್ಟು ಒಡೆಯಿತು, ಎಷ್ಟು ಪೆಟ್ಟಿಗೆ, ಯಾವ ರೈತ, ಮೊದಲ ವಾರ ಎಷ್ಟು ಸತ್ತವು, ಎತ್ತುವಾಗ ತೂಕ ಎಷ್ಟು, ತಿಂದ ಮೇವು ಎಷ್ಟು, ಒಂದು ಅಂಕಿಯೂ ತಪ್ಪಲ್ಲ. ತಪ್ಪಿದರೆ ಕಂಪನಿ ಮುಳುಗುತ್ತದೆ. ಲೆಕ್ಕ ಇದೆ, ಅದು ಊರಿಗೆ ಕಾಣಿಸುವುದಿಲ್ಲ ಅಷ್ಟೆ.

2020 ಕಲಿಸಿದ ಪಾಠ

ಲೆಕ್ಕ ಕಾಣದಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಬೇಸಿಗೆ ತೋರಿಸಿತು. ಕೊರೊನಾ ಸುದ್ದಿ ಬಂದ ಹೊಸತರಲ್ಲಿ ಕೋಳಿ ತಿಂದರೆ ಕಾಯಿಲೆ ಅಂಟುತ್ತದೆ ಎಂದು ಮೊಬೈಲುಗಳಲ್ಲಿ ಸುಳ್ಳು ಹಬ್ಬಿತು. ಅದೇ ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ ಹಕ್ಕಿಜ್ವರವೂ ಕಾಣಿಸಿತು. ವ್ಯಾಪಾರ ನಿಂತುಹೋಯಿತು. ಸಾಕಿದ ಖರ್ಚಿನ ಸಣ್ಣ ಪಾಲಿಗೂ ಕೋಳಿ ಕೇಳುವವರಿಲ್ಲ. ಗೋಕಾಕ್ ತಾಲ್ಲೂಕಿನಲ್ಲಿ, ಕೋಲಾರ ಜಿಲ್ಲೆಯಲ್ಲಿ ರೈತರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ನೋಡಿದವರಿಗೆ ಅನ್ನ ಇಳಿಯಲಿಲ್ಲ. ಸಾಕಿದವನಿಗೆ ಮೇವು ಹಾಕಲು ದುಡ್ಡಿಲ್ಲ, ಮಾರಲು ದಾರಿಯಿಲ್ಲ, ಇನ್ನೇನು ಮಾಡಿಯಾನು?

ಆ ಕೋಳಿಗಳೆಲ್ಲ ಎಲ್ಲಿಂದ ಬಂದವು? ಜನವರಿಯಲ್ಲಿ ಇಟ್ಟ ಮೊಟ್ಟೆ, ಫೆಬ್ರವರಿಯಲ್ಲಿ ಬಿಟ್ಟ ಮರಿ. ಸುಳ್ಳು ಸುದ್ದಿಗೆ ಒಂದು ರಾತ್ರಿ ಸಾಕು, ಕೋಳಿಗೆ ಅರವತ್ತು ದಿನ ಬೇಕು. ಒಂದು ಸಲ ಮರಿ ಶೆಡ್ಡಿಗೆ ಬಿದ್ದ ಮೇಲೆ ಅದನ್ನು ಚಿಪ್ಪಿನೊಳಗೆ ವಾಪಸು ತಳ್ಳಲಾಗದು.

ಕಥೆಯ ಎರಡನೇ ಅಂಕ ಇನ್ನೂ ದೊಡ್ಡ ಪಾಠ. ಮಾರ್ಚ್, ಏಪ್ರಿಲ್‌ನಲ್ಲಿ ಹೆದರಿದ ರೈತರು ಶೆಡ್ಡು ಖಾಲಿ ಬಿಟ್ಟರು. ಮರಿ ಕೇಳುವವರಿಲ್ಲದೆ ಹ್ಯಾಚರಿಗಳು ಯಂತ್ರ ನಿಲ್ಲಿಸಿದವು. ಮರಿಯಾಗಬೇಕಿದ್ದ ಮೊಟ್ಟೆ ತಿನ್ನುವ ಮೊಟ್ಟೆಯಾಗಿ ಹೋಯಿತು. ಅಷ್ಟರಲ್ಲಿ ಜನರ ಭಯ ಇಳಿಯಿತು, ಅಂಗಡಿಗೆ ವಾಪಸು ಬಂದರು. ಮೇ ಹೊತ್ತಿಗೆ ಬೆಂಗಳೂರಿನಲ್ಲಿ ಕೋಳಿ ಮಾಂಸ ಕಿಲೋಗೆ ಇನ್ನೂರು ರೂಪಾಯಿ ದಾಟಿತು. ಮಾರ್ಚ್‌ನಲ್ಲಿ ಮಣ್ಣು ಮಾಡಿದವನಿಗೆ ಮೇನಲ್ಲಿ ಮಾರಲು ಒಂದು ಕೋಳಿ ಇಲ್ಲ. ಮಾರ್ಚ್‌ನಲ್ಲಿ ಮುಖ ತಿರುಗಿಸಿದ ಗಿರಾಕಿ ಮೇನಲ್ಲಿ ಎರಡರಷ್ಟು ಕೊಟ್ಟು ತಿಂದ.

ಏಪ್ರಿಲ್ ನಡುವಿನಲ್ಲಿ "ಈ ವಾರ ರಾಜ್ಯದಲ್ಲಿ ಬಿಟ್ಟ ಮರಿ ಇಷ್ಟು, ಹೋದ ವರ್ಷ ಇದೇ ವಾರ ಇಷ್ಟಿತ್ತು" ಎಂಬ ಒಂದು ಸಾಲು ಪತ್ರಿಕೆಯಲ್ಲಿ ಬಂದಿದ್ದರೆ? ಕೈಲಿ ಅಷ್ಟಿಷ್ಟು ಕಾಸಿದ್ದ ರೈತ ಧೈರ್ಯ ಮಾಡಿ ಐನೂರು ಮರಿಯನ್ನಾದರೂ ಬಿಡುತ್ತಿದ್ದ. ಹೋಟೆಲಿನವನು ಮುಂದಾಲೋಚನೆ ಮಾಡುತ್ತಿದ್ದ. ಸುಳ್ಳು ಸುದ್ದಿಯನ್ನು ಒಂದು ಅಂಕಿ ತಡೆಯಲಾರದು. ಅದರ ಬೆನ್ನಿಗೆ ಬಂದ ಎರಡನೇ ಏಟನ್ನಾದರೂ ಹಗುರ ಮಾಡಬಹುದಿತ್ತು.

ಶೆಡ್ಡು ರೈತನದು, ಮರಿ ಕಂಪನಿಯದು

ಇವತ್ತು ಬ್ರಾಯ್ಲರ್ ಸಾಕಣೆಯ ದೊಡ್ಡ ಪಾಲು ಒಪ್ಪಂದದ ಮೇಲೆ ನಡೆಯುತ್ತದೆ. ಕಂಪನಿ ಮರಿ ಕೊಡುತ್ತದೆ, ಮೇವು ಕೊಡುತ್ತದೆ, ಔಷಧಿ ಕೊಡುತ್ತದೆ. ರೈತನದು ಶೆಡ್ಡು, ನೀರು, ಕರೆಂಟು, ರಾತ್ರಿ ನಿದ್ದೆ. ಕೋಳಿ ಎತ್ತಿದ ಮೇಲೆ ಕಿಲೋಗೆ ಇಷ್ಟು ಅಂತ ಸಾಕಿದ ಕೂಲಿ. ಸಂತೆಯ ಏರಿಳಿತ ಅವನ ತಲೆಗೆ ನೇರ ಬಡಿಯುವುದಿಲ್ಲ, ಅದೊಂದು ಅನುಕೂಲ. ಅನನುಕೂಲ ಬೇರೆ ಬಾಗಿಲಿನಿಂದ ಬರುತ್ತದೆ. ರೇಟು ಬಿದ್ದಾಗ ಕಂಪನಿ ಮರಿ ಬಿಡುವುದನ್ನು ನಿಧಾನ ಮಾಡುತ್ತದೆ. ಒಂದು ಬ್ಯಾಚಿಗೂ ಇನ್ನೊಂದಕ್ಕೂ ನಡುವೆ ಹದಿನೈದು ದಿನ ಇದ್ದದ್ದು ತಿಂಗಳಾಗುತ್ತದೆ. ಶೆಡ್ಡು ಕಟ್ಟಲು ಬ್ಯಾಂಕಿನಿಂದ ತಂದ ಸಾಲ ಮಾತ್ರ ನಿಧಾನ ಮಾಡುವುದಿಲ್ಲ. ಕಂತು ತಿಂಗಳು ತಿಂಗಳು ಬಾಗಿಲು ತಟ್ಟುತ್ತದೆ.

"ಮುಂದಿನ ಮರಿ ಯಾವಾಗ ಸ್ವಾಮಿ?" ಎಂದರೆ "ಹೇಳ್ತೀವಿ" ಎಂಬ ಉತ್ತರ. ತನ್ನ ಶೆಡ್ಡು ಮಾತ್ರ ಖಾಲಿಯೋ, ಇಡೀ ತಾಲ್ಲೂಕೇ ಖಾಲಿಯೋ ಅವನಿಗೆ ತಿಳಿಯುವುದಿಲ್ಲ. ಜಿಲ್ಲೆಯ ಲೆಕ್ಕ ಗೊತ್ತಿದ್ದರೆ ಕೂಲಿಯ ಮಾತಿಗೆ ಕೂರುವಾಗ ಅವನ ಕೈಲೂ ಒಂದು ಎಲೆ ಇರುತ್ತಿತ್ತು.

ಸ್ವಂತಕ್ಕೆ ಮರಿ ತಂದು ಸಾಕುವ ಸಣ್ಣ ರೈತನ ಕಥೆ ಇನ್ನೂ ಕಷ್ಟ. ರೇಟು ಏರಿದಾಗ ಎಲ್ಲರೂ ಮರಿಗೆ ಮುಗಿಬೀಳುತ್ತಾರೆ, ಮರಿಯ ಬೆಲೆಯೂ ಏರುತ್ತದೆ. ನಲವತ್ತು ದಿನ ಕಳೆದು ಎಲ್ಲರ ಕೋಳಿಯೂ ಒಟ್ಟಿಗೆ ಸಂತೆಗೆ ಬಂದು ರೇಟು ಬೀಳುತ್ತದೆ. ಹೆಚ್ಚು ಕೊಟ್ಟು ಮರಿ ತಂದವನು ಕಡಿಮೆಗೆ ಕೋಳಿ ಕೊಡುತ್ತಾನೆ. ಟೊಮೆಟೊ ಬೆಳೆದವನ ಪಾಡೂ ಇದೇ ಅಲ್ಲವೆ? ಹೊಲದ ಟೊಮೆಟೊ ಬಸ್ಸಿನ ಕಿಟಕಿಯಿಂದಲಾದರೂ ಕಾಣುತ್ತದೆ. ಶೆಡ್ಡಿನೊಳಗಿನ ಮರಿ ಯಾರಿಗೂ ಕಾಣದು.

ಹಾಲಿಗೆ ಲೆಕ್ಕ ಉಂಟು, ಗೂಡಿಗೆ ಲೆಕ್ಕ ಉಂಟು

ನಮ್ಮ ರಾಜ್ಯಕ್ಕೆ ಇಂಥ ಲೆಕ್ಕ ಹೊಸದೇ? ಖಂಡಿತ ಅಲ್ಲ. 2024ರ ಜೂನ್ ಕೊನೆಗೆ ರಾಜ್ಯದ ಹಾಲು ಒಕ್ಕೂಟಗಳ ದಿನದ ಸಂಗ್ರಹ 1 ಕೋಟಿ ಲೀಟರು ದಾಟಿತು. ಆ ಸುದ್ದಿ ಕೆಎಂಎಫ್‌ನಿಂದಲೇ ಬಂತು, ಊರೂರಿಗೆ ತಿಳಿಯಿತು. ಪ್ರತಿ ಹಳ್ಳಿಯ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಎಷ್ಟು ಲೀಟರು ಬಿತ್ತು ಎಂದು ಗೊತ್ತಿರುವುದರಿಂದ ತಾನೇ ಇದು ಸಾಧ್ಯವಾದದ್ದು? ದನದ ಕಿವಿಗೆ 12 ಅಂಕಿಯ ಹಳದಿ ಓಲೆಯೂ ಬಂದಿದೆ.

ರೇಷ್ಮೆಯದಂತೂ ಇದೇ ಕಥೆ. ರೇಷ್ಮೆ ಹುಳುವಿನ ಬಿತ್ತನೆ ಮೊಟ್ಟೆ ಯಾರು ತಯಾರಿಸಬೇಕು, ಯಾರು ಮಾರಬೇಕು, ಗೂಡು ಎಲ್ಲಿ ಹರಾಜಾಗಬೇಕು ಎಂಬುದಕ್ಕೆ ಈ ರಾಜ್ಯದಲ್ಲಿ 1959ರಲ್ಲೇ ಕಾಯ್ದೆ ಬಂತು. ಮೊಟ್ಟೆ ಬಿಟ್ಟ ದಿನದಿಂದ ಗೂಡು ಯಾವಾಗ ಬರುತ್ತದೆ ಎಂಬುದು ಮಾಗಡಿ, ರಾಮನಗರದ ಕಡೆಯ ಬೆಳೆಗಾರನಿಗೆ ಬೆರಳ ಮೇಲಿನ ಲೆಕ್ಕ. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಹೋದರೆ ಇವತ್ತು ಎಷ್ಟು ಗೂಡು ಬಂತು, ಹೆಚ್ಚಿನ ರೇಟು ಎಷ್ಟು, ಕಡಿಮೆ ಎಷ್ಟು, ಸರಾಸರಿ ಎಷ್ಟು, ಎಲ್ಲ ಬಹಿರಂಗ. ಯಶವಂತಪುರಕ್ಕೆ ಇವತ್ತು ಎಷ್ಟು ಚೀಲ ಈರುಳ್ಳಿ ಬಂತು ಎಂಬುದೂ ಗೊತ್ತಾಗುತ್ತದೆ. ತಿನ್ನುವ ಮೊಟ್ಟೆಗೆ 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಊರುವಾರು ದರ ಸಾರುತ್ತದೆ. ಬ್ರಾಯ್ಲರ್ ಕೋಳಿಗೂ ತಮಿಳುನಾಡಿನ ಪಲ್ಲಡಂನಿಂದ ದಿನದ ಸಗಟು ದರ ಹೊರಡುತ್ತದೆ.

ದರ ಸಾರುತ್ತಾರೆ, ಸರಿ. ದರಕ್ಕೆ ಕಾರಣವಾದ ಮರಿ ಲೆಕ್ಕ ಸಾರುವವರು ಯಾರು? ಪರೀಕ್ಷೆಯ ಮಾರ್ಕ್ಸು ಮಾತ್ರ ಹೇಳಿ ಪ್ರಶ್ನೆಪತ್ರಿಕೆ ಮುಚ್ಚಿಟ್ಟಂತಾಯಿತು.

ಸರ್ಕಾರದ ಕಡೆ ಇರುವುದು ಜಾನುವಾರು ಗಣತಿ. 2019ರ 20ನೇ ಗಣತಿ ಪ್ರಕಾರ ದೇಶದಲ್ಲಿ 85 ಕೋಟಿ ಮೇಲ್ಪಟ್ಟು, ಕರ್ನಾಟಕದಲ್ಲಿ ಸುಮಾರು 5.95 ಕೋಟಿ ಕೋಳಿ, ಬಾತು ಇತ್ಯಾದಿ ಸಾಕು ಹಕ್ಕಿಗಳು. ಮುಂದಿನ ಗಣತಿಗೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಎಮ್ಮೆ, ಹಸುವಿಗೆ ಈ ಲೆಕ್ಕ ನಡೆದೀತು. ನಲವತ್ತು ದಿನ ಬದುಕುವ ಬ್ರಾಯ್ಲರಿಗೆ? ಒಂದು ಗಣತಿಗೂ ಇನ್ನೊಂದಕ್ಕೂ ನಡುವೆ ಒಂದೇ ಶೆಡ್ಡಿನಲ್ಲಿ ಮೂವತ್ತು ಬ್ಯಾಚು ಬಂದು ಹೋಗಿರುತ್ತದೆ. ದೇಶ ತಿನ್ನುವ ಮಾಂಸದಲ್ಲಿ ಸರಿಸುಮಾರು ಅರ್ಧ ಕೋಳಿಯದೇ. ಅಂಥ ಸರಕಿಗೆ ಐದು ವರ್ಷಕ್ಕೊಮ್ಮೆ ತಲೆ ಎಣಿಕೆ ಸಾಕೇ?

ಅಮೆರಿಕದ ಬುಧವಾರ

ಅಮೆರಿಕದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ನೋಡಿ. ಅಲ್ಲಿಯ ಕೃಷಿ ಇಲಾಖೆ ವಾರಕ್ಕೊಮ್ಮೆ, ಬುಧವಾರ, ಒಂದು ಪಟ್ಟಿ ಹೊರಡಿಸುತ್ತದೆ. ರಾಜ್ಯವಾರು ಎಷ್ಟು ಬ್ರಾಯ್ಲರ್ ಮೊಟ್ಟೆ ಯಂತ್ರಕ್ಕೆ ಇಟ್ಟರು, ಎಷ್ಟು ಮರಿ ಬಿಟ್ಟರು. ಇತ್ತೀಚಿನ ವರ್ಷಗಳಲ್ಲಿ ವಾರಕ್ಕೆ ಸುಮಾರು 24 ಕೋಟಿ ಮೊಟ್ಟೆ, 19 ಕೋಟಿ ಮರಿ. ರೈತ ನೋಡಬಹುದು, ಹೋಟೆಲಿನವನು ನೋಡಬಹುದು, ಮೆಕ್ಕೆಜೋಳ ಮಾರುವವನು ನೋಡಬಹುದು. ದುಡ್ಡಿಲ್ಲ ಕಾಸಿಲ್ಲ. ಯಾವ ಕಂಪನಿಯದು ಎಷ್ಟು ಎಂಬುದು ಅದರಲ್ಲಿಲ್ಲ, ಒಟ್ಟು ಲೆಕ್ಕ ಮಾತ್ರ.

ಹಾಗಂತ ಅಲ್ಲಿ ಎಲ್ಲವೂ ಸತ್ಯಹರಿಶ್ಚಂದ್ರರ ರಾಜ್ಯ ಎಂದು ತಿಳಿಯಬೇಕಿಲ್ಲ. ಅಲ್ಲೇ ಅಗ್ರಿ ಸ್ಟ್ಯಾಟ್ಸ್ ಎಂಬ ಖಾಸಗಿ ಸಂಸ್ಥೆ ದೊಡ್ಡ ದೊಡ್ಡ ಮಾಂಸದ ಕಂಪನಿಗಳ ಒಳಲೆಕ್ಕ ಸೇರಿಸಿ, ಆ ಕಂಪನಿಗಳಿಗೇ ಮಾರುತ್ತದೆ ಎಂದು ಸರ್ಕಾರದ ನ್ಯಾಯ ಇಲಾಖೆ 2023ರ ಸೆಪ್ಟೆಂಬರ್‌ನಲ್ಲಿ ಮೊಕದ್ದಮೆ ಹೂಡಿತು. ದೊಡ್ಡವರು ಒಬ್ಬರ ಎಲೆ ಒಬ್ಬರು ನೋಡಿಕೊಂಡು ಪೈಪೋಟಿ ಇಲ್ಲದಂತೆ ಮಾಡಿದರು, ರೈತರಿಗೂ ಕೊಳ್ಳುವವರಿಗೂ ಆ ಲೆಕ್ಕ ಸಿಗಲಿಲ್ಲ ಎಂಬುದು ಆರೋಪ. ಇದರಿಂದ ತಿಳಿಯುವುದೇನು? ಒಂದೇ ಲೆಕ್ಕ, ನಾಲ್ಕು ಜನರ ಕೈಲಿದ್ದರೆ ಮಸಲತ್ತು, ಊರ ಜನರ ಕೈಲಿದ್ದರೆ ಮಾರುಕಟ್ಟೆ.

ಹೆಸರಘಟ್ಟದ ನೆನಪು

ದುಡ್ಡಿನ ಮಾತು ಪಕ್ಕಕ್ಕಿಡಿ. ಮರಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಲೆಕ್ಕಕ್ಕೆ ಇನ್ನೊಂದು ಕಾರಣ ಇದೆ. ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಹೆಸರಘಟ್ಟದ ದಾರಿ. ಅಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ. ಕೋಳಿ ಸಾಕುವುದನ್ನು ಹೇಳಿಕೊಡುವ, ತಳಿ ಮರಿ ಕೊಡುವ ಹೆಸರಾಂತ ಜಾಗ. 2012ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯಲ್ಲೇ ಟರ್ಕಿ ಕೋಳಿಗಳು ಸಾಲು ಸಾಲಾಗಿ ಸತ್ತವು. ಹಕ್ಕಿಜ್ವರ ಎಂದು ಖಚಿತವಾಯಿತು. ಆವರಣದ ಸಾವಿರಾರು ಹಕ್ಕಿಗಳನ್ನು ಕೊಂದು ಹೂಳಬೇಕಾಯಿತು. ಕೋಳಿ ಶಾಸ್ತ್ರ ಬಲ್ಲವರ ಅಂಗಳಕ್ಕೇ ರೋಗ ನುಗ್ಗಿದರೆ ಉಳಿದವರ ಪಾಡೇನು?

ಹಕ್ಕಿಜ್ವರ ಬಂದಾಗ ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರಿನ ಕೋಳಿ ಕೊಲ್ಲುತ್ತಾರೆ, ಹತ್ತು ಕಿಲೋಮೀಟರು ಕಣ್ಣಿಡುತ್ತಾರೆ. ಅಧಿಕಾರಿಗಳು ಮೊದಲು ಕೇಳಬೇಕಾದ ಪ್ರಶ್ನೆ ಎರಡೇ: ಈ ಸುತ್ತಿನಲ್ಲಿ ಎಷ್ಟು ಕೋಳಿ ಇವೆ? ಇಲ್ಲಿಂದ ಕಳೆದ ವಾರಗಳಲ್ಲಿ ಮರಿ, ಮೊಟ್ಟೆ ಯಾವ ಊರಿಗೆ ಹೋದವು? 2025ರ ಫೆಬ್ರವರಿ ಕೊನೆಗೆ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ರೋಗ ಕಂಡಾಗಲೂ ಇದೇ ಪ್ರಶ್ನೆ. ವಾರವಾರದ ಲೆಕ್ಕ ಇಲಾಖೆಯ ಕಪಾಟಿನಲ್ಲಿದ್ದರೆ ಉತ್ತರ ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ಮನೆ ಮನೆ ಬಾಗಿಲು ತಟ್ಟಬೇಕು. ಅಷ್ಟರಲ್ಲಿ ಗಾಳಿ ಸುದ್ದಿ ಪೀಣ್ಯದ ಬಸ್ ಸ್ಟಾಪಿಗೂ ಬಂದು, ರೋಗದ ಸೋಂಕೇ ಇಲ್ಲದ ಅಂಗಡಿಯ ವ್ಯಾಪಾರವೂ ನೆಲ ಕಚ್ಚಿರುತ್ತದೆ. ಅಂಗಡಿಯವನು "ನಮ್ಮ ಕೋಳಿ ಆ ಕಡೆಯದಲ್ಲ" ಎಂದು ಎಷ್ಟು ಬಾಯಿ ಬಡಿದುಕೊಂಡರೂ ಕೈಲಿ ಚೀಟಿ ಇಲ್ಲದ ಮೇಲೆ ನಂಬುವವರು ಯಾರು?

ಆಕ್ಷೇಪಗಳು

ಕಂಪನಿಗಳವರು ಹೇಳುವ ಮೊದಲ ಮಾತು: ಇದು ವ್ಯಾಪಾರದ ಗುಟ್ಟು. ಒಂದೊಂದು ಕಂಪನಿಯದು ಗುಟ್ಟು, ಒಪ್ಪೋಣ. ಇಡೀ ಜಿಲ್ಲೆಯ ಮೊತ್ತ ಯಾರ ಗುಟ್ಟು? ಹಾಲಿನ ಲೆಕ್ಕ ಹೊರಗೆ ಬಂದು ಯಾವ ಡೇರಿ ಮುಚ್ಚಿತು? ಒಂದು ಜಿಲ್ಲೆಯಲ್ಲಿ ಒಂದೇ ಹ್ಯಾಚರಿ ಇದ್ದರೆ ಪಕ್ಕದ ಜಿಲ್ಲೆಯ ಜೊತೆ ಸೇರಿಸಿ ಹೇಳಿದರಾಯಿತು.

ಎರಡನೇ ಮಾತು: ಲೆಕ್ಕ ಬಹಿರಂಗವಾದರೆ ದೊಡ್ಡವರು ಅದನ್ನೇ ನೋಡಿಕೊಂಡು ಮರಿ ಕಡಿತ ಮಾಡಿ ರೇಟು ಏರಿಸುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ದೊಡ್ಡವರಿಗೆ ಮಾರುಕಟ್ಟೆಯ ಅಂದಾಜು ಇವತ್ತೇ ಇದೆ. ಅವರು ಕಡಿತ ಮಾಡಿದರೂ ಇವತ್ತು ಹಿಡಿಯುವವರಿಲ್ಲ. ಲೆಕ್ಕ ಹೊರಗಿದ್ದರೆ ಯಾವ ವಾರ ಮರಿ ಇಳಿಯಿತು, ಯಾವ ವಾರ ರೇಟು ಏರಿತು ಎಂದು ಯಾರು ಬೇಕಾದರೂ ಪಕ್ಕಪಕ್ಕ ಇಟ್ಟು ನೋಡಬಹುದು. ಕತ್ತಲಲ್ಲಿ ಕಳ್ಳನಿಗೂ ಕಾವಲುಗಾರನಿಗೂ ವ್ಯತ್ಯಾಸ ಕಾಣದು.

ಮೂರನೇ ಮಾತು ಇಲಾಖೆಯದು: ಸಿಬ್ಬಂದಿ ಎಲ್ಲಿದ್ದಾರೆ? ಇಲ್ಲಿ ಯಾರೂ ಶೆಡ್ಡಿಗೆ ಹೋಗಿ ಮರಿ ಎಣಿಸಬೇಕಿಲ್ಲ. ಮರಿ ಹುಟ್ಟುವುದು ಸಾವಿರಾರು ಶೆಡ್ಡುಗಳಲ್ಲಲ್ಲ, ಎಣಿಸಬಹುದಾದಷ್ಟು ಹ್ಯಾಚರಿಗಳಲ್ಲಿ. ಅಲ್ಲಿಂದ ವಾರಕ್ಕೊಮ್ಮೆ ಎರಡು ಅಂಕಿ ಬಂದರೆ ಸಾಕು. ಅದು ಒಂದು ವಾರ ತಡವಾಗಿ ಪ್ರಕಟವಾದರೂ ಆ ಮರಿ ಕೋಳಿಯಾಗಲು ಇನ್ನೂ ನಾಲ್ಕು ವಾರದ ಮೇಲಿರುತ್ತದೆ.

ಆಗಬೇಕಾದ್ದು

ಪಶುಪಾಲನಾ ಇಲಾಖೆ ರಾಜ್ಯದ ಪ್ರತಿ ಹ್ಯಾಚರಿಯನ್ನೂ ನೋಂದಾಯಿಸಲಿ. ಇಟ್ಟ ಮೊಟ್ಟೆ, ಬಿಟ್ಟ ಮರಿ, ಹೊರ ರಾಜ್ಯದಿಂದ ಬಂದ ಮರಿ, ಈ ಮೂರು ಅಂಕಿಯನ್ನು ಜಿಲ್ಲಾವಾರು ಸೇರಿಸಿ ವಾರಕ್ಕೊಮ್ಮೆ ಪ್ರಕಟಿಸಲಿ. ಮರಿ ಪೆಟ್ಟಿಗೆಯ ಜೊತೆ ಹೋಗುವ ಚೀಟಿಯ ನಂಬರು, ಕೋಳಿ ಎತ್ತುವ ಲಾರಿಯ ಚೀಟಿಗೂ ಇಳಿಯಲಿ, ಅಲ್ಲಿಂದ ಅಂಗಡಿಗೂ ಬರಲಿ. ಹೆಸರಘಟ್ಟದಲ್ಲಿ ಕೇಂದ್ರದ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಇದೆ. ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವ ತಿಳಿವಳಿಕೆಗೆ ಬೆಂಗಳೂರಿನಲ್ಲಿ ಬರವಿಲ್ಲ.

ಅಂಗಡಿಯವರ ಸಂಘಗಳೂ ಕೋಳಿ ಸಾಕುವವರ ಸಂಘಗಳೂ ರೇಟಿನ ಮೇಲೆ ಜಗಳ ಆಡುವುದನ್ನು ಒಂದು ದಿನ ನಿಲ್ಲಿಸಿ, ಈ ಲೆಕ್ಕ ಕೊಡಿ ಎಂದು ಒಟ್ಟಿಗೆ ಕೇಳಲಿ. ಇಬ್ಬರೂ ಬೈಸಿಕೊಳ್ಳುವುದು ಒಂದೇ ಕಾರಣಕ್ಕೆ. ಸಾಕಿದವನಿಗೆ "ಕೋಳಿ ಜಾಸ್ತಿಯಾಗಿದೆ, ರೇಟಿಲ್ಲ" ಅನ್ನುತ್ತಾರೆ. ಮಾರುವವನಿಗೆ "ಕೋಳಿ ಕಮ್ಮಿಯಾಗಿದೆ, ರೇಟು ಏರಿದೆ" ಅನ್ನುತ್ತಾರೆ. ಎರಡು ಮಾತಿನಲ್ಲಿ ನಿಜ ಯಾವುದು ಎಂದು ಕೇಳಲು ಇಬ್ಬರ ಕೈಯಲ್ಲೂ ಅಂಕಿ ಇಲ್ಲ.

ಪೀಣ್ಯದ ಕೋಳಿ ಅಂಗಡಿಯ ಹಲಗೆಯ ಮೇಲೆ ಇವತ್ತು ಒಂದೇ ಸಾಲು ಇದೆ: ಈ ದಿನದ ರೇಟು. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ: ಈ ವಾರ ಬಿಟ್ಟ ಮರಿ ಇಷ್ಟು. ಆ ಸಾಲು ಬಂದ ದಿನ ಕೋಳಿ ಅಗ್ಗವಾಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. "ಯಾಕಪ್ಪಾ ಇಷ್ಟು?" ಎಂದು ಗಿರಾಕಿ ಕೇಳಿದಾಗ ಅಂಗಡಿಯವನು ಆಕಾಶ ತೋರಿಸುವುದಾದರೂ ತಪ್ಪುತ್ತದೆ. ಹಲಗೆಯಲ್ಲಿ ಜಾಗ ಇದೆ. ಅಂಕಿ ಕೊಡುವವರು ಬರಬೇಕು.